ಮನೆಯಲ್ಲಿ ಚಿತ್ತಾರದ ಕಾಗದ ಮುದ್ರಿಸುವ ಮುನ್ನ

ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ನೀಡಿದ ಭಾಷಣದ ಪಠ್ಯ



ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡೆರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದು ಬೇಡ. ಈಚೆಗೆ ನಮ್ಮ ಕಚೇರಿಗೆ ಬರುವ ನಿರ್ಣಯ ಪುಸ್ತಕಗಳಲ್ಲಿ ಒಂದೇ ಬೇಡಿಕೆ ಮತ್ತೆ ಮತ್ತೆ ಕಾಣ್ತಾ ಇದೆ: ಬಣ್ಣದ ಪ್ರಿಂಟರ್ ಕೊಳ್ಳಲು ಸಾಲ. ಮುಯ್ಯಿ ಕವರು, ಉಡುಗೊರೆ ಚೀಲ, ಶುಭಾಶಯ ಪತ್ರ, ನೋಟ್‌ಬುಕ್ಕಿನ ಹೊದಿಕೆ, ಸಣ್ಣ ಸಣ್ಣ ಡಬ್ಬಿ, ಇವನ್ನೆಲ್ಲ ನಮ್ಮ ಸಂಘದವರು ಮಾಡ್ತಾರೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು, 2022ರ ಜುಲೈನಲ್ಲಿ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳೂ ನಿಂತವು. ಕಾಗದದ ಕೆಲಸಕ್ಕೆ ಬೇಡಿಕೆ ಇದೆ. ಆದರೆ ಫ್ಯಾನ್ಸಿ ಅಂಗಡಿಯ ಚಿತ್ತಾರದ ಕಾಗದ ದುಬಾರಿ, ಎಲ್ಲರ ಹತ್ತಿರವೂ ಅದೇ ಹೂವು, ಅದೇ ಗೆರೆ. ನಾವೇ ಮನೆಯಲ್ಲಿ ಮುದ್ರಿಸಿಕೊಂಡರೆ ಆಗದೇ ಎಂದು ನೀವು ಕೇಳುತ್ತೀರಿ. ಆಗುತ್ತದೆ. ಆದರೆ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಒಂದು ಸಂಗತಿ ಕೇಳಿ.

ಅದು ನಮ್ಮ ತಪ್ಪಿನಿಂದ ಆದದ್ದು, ಆದ್ದರಿಂದ ನಾವೇ ಹೇಳುವುದು ನ್ಯಾಯ. ಸಂಘದ ಹೆಸರು ಬೇಡ. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ, ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇವೆ. ಹದಿನಾಲ್ಕು ಮಂದಿಯ ಸಂಘ. ಹತ್ತು ವರ್ಷದಿಂದ ವಾರದ ಉಳಿತಾಯ ತಪ್ಪಿಸಿದವರಲ್ಲ. ಪೇಟೆಯ ಒಂದು ಅಂಗಡಿಯಿಂದ ಮದುವೆ ಸೀಸನ್ನಿಗೆ 500 ಮುಯ್ಯಿ ಕವರಿಗೆ ಆರ್ಡರು ಬಂತು, ಕವರಿಗೆ 5 ರೂಪಾಯಿ. ಆಂತರಿಕ ಸಾಲ 14,000 ರೂಪಾಯಿ ತೆಗೆದು ಇಂಕ್ ಟ್ಯಾಂಕಿನ ಪ್ರಿಂಟರ್ ತಂದರು. ತನ್ನಿ, ಹೆದರಬೇಡಿ ಎಂದು ಧೈರ್ಯ ಕೊಟ್ಟವರು ನಾವು. ಎಂ.ಎಸ್.ಡಬ್ಲ್ಯೂ. ಓದುವಾಗ ನಮಗೆ ಸಮುದಾಯ ಸಂಘಟನೆ ಕಲಿಸಿದರು, ಇಂಕಿನ ಲೆಕ್ಕ ಯಾರೂ ಕಲಿಸಲಿಲ್ಲ. ನಾವೂ ಕೇಳಿ ತಿಳಿದುಕೊಳ್ಳಲಿಲ್ಲ.

ಹತ್ತನೇ ಕ್ಲಾಸು ಓದಿದ, ಮೊಬೈಲು ಚೆನ್ನಾಗಿ ಬಲ್ಲ ಒಬ್ಬ ಸೊಸೆಗೆ ಮೆಷಿನ್ನಿನ ಕೆಲಸ ಒಪ್ಪಿಸಿದರು. ಅವಳು ಮೊಬೈಲಿನಲ್ಲಿ ಸಿಕ್ಕ ಒಂದು ಗುಲಾಬಿ ಹೂವಿನ ಚಿತ್ತಾರ ಇಳಿಸಿಕೊಂಡು, ಹಾಳೆಯ ತುಂಬಾ ಬಣ್ಣ ಬರುವ ಹಾಗೆ ರಾತ್ರಿ ಹನ್ನೆರಡರ ತನಕ ಕೂತು ಮುದ್ರಿಸಿದಳು. ಬೆಳಿಗ್ಗೆ ಉಳಿದವರು ಮೈದಾ ಗೋಂದು ಕಾಯಿಸಿ ಅಂಟಿಸಿದರು. ಅಂಟಿಸಿದ ಕಡೆಯೆಲ್ಲ ಗುಲಾಬಿ ಬಣ್ಣ ಒಡೆದು ಹರಡಿತು. ಮೇ ತಿಂಗಳ ಕೊನೆ, ಮಳೆ ಬೇರೆ ಹಿಡಿದಿತ್ತು. ಒದ್ದೆ ಕೈ ಮುಟ್ಟಿದ ಕಡೆ ಬೆರಳಿನ ಗುರುತು. ಅಂಗಡಿಯವರು 180 ಕವರು ವಾಪಸ್ ಕಳಿಸಿದರು.

ಆ ವಾರದ ಸಭೆಯಲ್ಲಿ ಎಲ್ಲರ ಬಾಯಿಯೂ ಅವಳ ಮೇಲೆ. "ಮೊಬೈಲ್ ನೋಡಿದಷ್ಟು ಸುಲಭ ಅಂದ್ಕೊಂಡ್ಯಾ?" ಅಂದರು ಒಬ್ಬರು. ನಷ್ಟ ಅವಳೇ ಕಟ್ಟಲಿ ಅಂದರು ಇನ್ನೊಬ್ಬರು. ಅವಳು ಸಭೆಗೆ ಬರುವುದು ಬಿಟ್ಟಳು. ಮೂರನೇ ವಾರ ಅವಳ ಅತ್ತೆ ಸೊಸೆಯ ಉಳಿತಾಯದ ಪಾಸ್‌ಬುಕ್ ತಂದು ನಮ್ಮ ಮೇಜಿನ ಮೇಲಿಟ್ಟು, "ಸಿಸ್ಟರ್, ಲೆಕ್ಕ ಚುಕ್ತಾ ಮಾಡಿ ಕೊಡಿ" ಅಂದರು. ಆಗ ನಮಗೆ ಎಚ್ಚರವಾಯಿತು. ಹತ್ತು ವರ್ಷದ ಸಂಘ 180 ಕವರಿನ ಮೇಲೆ ಒಡೆಯುವ ಹಾಗಾಗಿತ್ತು. ನಾವು ಆ ಮನೆಯ ಜಗಲಿಯಲ್ಲಿ ಮೂರು ಸಂಜೆ ಮೆಷಿನ್ನು, ಗೋಂದಿನ ಪಾತ್ರೆ, ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತೆವು. ತಿಳಿದದ್ದನ್ನು ಈಗ ನಿಮಗೆ ಹೇಳುತ್ತೇವೆ.

ಮೊದಲು ಇಂಕು. ಮನೆಯ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ನಾಲ್ಕು ಬಣ್ಣ: ಸಯಾನ್ ಎನ್ನುವ ತಿಳಿನೀಲಿ, ಮಜೆಂಟಾ ಎನ್ನುವ ಕಡುಗುಲಾಬಿ, ಹಳದಿ, ಕಪ್ಪು. ಇಂಕಿನಲ್ಲಿ ಎರಡು ಜಾತಿ. ಒಂದು ಡೈ ಇಂಕು, ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಬಣ್ಣ ಕರಗಿರುತ್ತದೆ. ನೋಡಲು ಹೊಳಪು, ಆದರೆ ನೀರು ತಾಗಿದರೆ ಮತ್ತೆ ಕರಗಿ ಹರಿಯುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಇನ್ನೊಂದು ಪಿಗ್ಮೆಂಟ್ ಇಂಕು, ಕೆಮ್ಮಣ್ಣು ಕದಡಿದ ಹಾಗೆ ನುಣ್ಣನೆಯ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದ ಮೇಲೆ ಪುಡಿ ಕಾಗದದ ಮೇಲೆ ಕೂತುಬಿಡುತ್ತದೆ, ಅಷ್ಟು ಸುಲಭಕ್ಕೆ ಏಳುವುದಿಲ್ಲ. ಕಡಿಮೆ ಬೆಲೆಯ ಮನೆ ಪ್ರಿಂಟರುಗಳಲ್ಲಿ ಬಣ್ಣಗಳು ಹೆಚ್ಚಾಗಿ ಡೈ ಇಂಕಿನವು. ಕೆಲವು ಮೆಷಿನ್ನಿನಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್. ಅಂಗಡಿಯಲ್ಲಿ ಪ್ರಿಂಟರಿನ ಬೆಲೆ ಕೇಳುವ ಮೊದಲು ಇದನ್ನು ಕೇಳಿ. ಗೊತ್ತಿಲ್ಲ ಅಂದರೆ ಒಂದು ಹಾಳೆ ಮುದ್ರಿಸಿ ಕೊಡಲು ಹೇಳಿ, ಆರಿದ ಮೇಲೆ ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ನಾಚಿಕೆ ಬೇಡ. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೋ ಎಂದು ಸೆರಗು ಉಜ್ಜಿ ನೋಡುವವರಲ್ಲವೇ ನಾವು?

ಪೇಟೆಯ ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನ ಸಂಗತಿ ಬೇರೆ. ಅದರ ಟೋನರು ಪ್ಲಾಸ್ಟಿಕ್ ಬೆರೆತ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಹಿಡಿಯುತ್ತದೆ. ಗೋಂದಿಗೂ ಮಳೆಗೂ ಹೆದರುವುದಿಲ್ಲ. ಆದರೆ ಗಟ್ಟಿ ಬಣ್ಣವಿರುವ ಕಡೆ ಮಡಚಿದರೆ ಗೆರೆ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ಮಡಿಕೆ ಬರುವ ಜಾಗದಲ್ಲಿ ಬಣ್ಣ ಕಡಿಮೆ ಇಡಬೇಕು.

ಇನ್ನು ಗೋಂದು. ಮೈದಾ ಗೋಂದಿನಲ್ಲಿ ನೀರೇ ಹೆಚ್ಚು. ಡೈ ಇಂಕಿನ ಮೇಲೆ ಅದನ್ನು ಬಳಿದರೆ ಬಣ್ಣ ಓಡದೆ ಇನ್ನೇನಾದೀತು? ಇದಕ್ಕೆ ನಾವು ಮೊದಲು ದುಬಾರಿ ಅಂಟು, ಮೇಲೆ ಸಿಂಪಡಿಸುವ ವಾರ್ನಿಷ್ ಎಂದೆಲ್ಲ ಯೋಚಿಸಿದೆವು. ಕೊನೆಗೆ ದಾರಿ ತೋರಿಸಿದವರು ಸಂಘದಲ್ಲೇ ಹೊಲಿಗೆ ಬಲ್ಲ ಒಬ್ಬರು. "ಸಿಸ್ಟರ್, ರವಿಕೆ ಕತ್ತರಿಸುವಾಗ ಹೊಲಿಗೆಗೆ ಅಂತ ಒಳಗೆ ಅರ್ಧ ಇಂಚು ಬಿಡ್ತೇವೆ, ಆ ಬಟ್ಟೆಗೆ ಕಸೂತಿ ಹಾಕ್ತೇವಾ? ಅಂಟಿಸೋ ಅಂಚಿಗೆ ಯಾಕೆ ಬಣ್ಣ?" ಅಂದರು. ಎಷ್ಟು ಸರಳ! ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಮುಯ್ಯಿ ಕವರು 18 ಸೆಂಟಿಮೀಟರ್ ಉದ್ದ, 9 ಎತ್ತರ ಇಟ್ಟುಕೊಳ್ಳಿ. ಎರಡೂ ಬದಿಗೆ ಅಂಟಿಸುವ ಅಂಚು ಒಂದೂವರೆ ಒಂದೂವರೆ ಸೇರಿದರೆ ಸರಿಯಾಗಿ 21. ಮುಂದೆ 9, ಹಿಂದೆ 9, ಮುಚ್ಚಳ ಎರಡೂವರೆ, ಒಟ್ಟು 20.5. ಹೆಚ್ಚಿನ ಪ್ರಿಂಟರುಗಳು ಸಾಮಾನ್ಯವಾಗಿ ಹಾಳೆಯ ಅಂಚಿನಲ್ಲಿ ಕೆಲವು ಮಿಲಿಮೀಟರ್ ಬಿಳಿ ಬಿಡುತ್ತವೆ, ಆ ಬಿಳಿ ಅಂಟಿಸುವ ಅಂಚಿನೊಳಗೇ ಅಡಗುತ್ತದೆ. ಬಣ್ಣವಿಲ್ಲದ ಕಾಗದಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ, ಬಣ್ಣ ಓಡುವ ಮಾತೇ ಇಲ್ಲ. ಚಿತ್ತಾರ ಕವರಿನ ಮುಖಕ್ಕೆ ಮಾತ್ರ. ಕೆಳಗೆ ಉಳಿಯುವ 9 ಸೆಂಟಿಮೀಟರ್ ಪಟ್ಟಿಯಲ್ಲಿ ಉಡುಗೊರೆಗೆ ಕಟ್ಟುವ ಚೀಟಿಯನ್ನೋ ಪುಸ್ತಕದ ಗುರುತುಪಟ್ಟಿಯನ್ನೋ ಮಾಡಬಹುದು. ಗೋಂದು ಗಟ್ಟಿಯಾಗಿರಲಿ, ತೆಳುವಾಗಿ ಬಳಿಯಿರಿ. ಮುದ್ರಿಸಿದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ಹರಡಿ, ಒಂದು ರಾತ್ರಿ ಆರಲು ಬಿಡಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಈಗ ಲೆಕ್ಕ. ಇದು ಬೇಸರದ ವಿಷಯ ಎಂದು ಕೆಲವರು ಆಗಲೇ ಆಕಳಿಸುತ್ತಿದ್ದಾರೆ, ಕಾಣ್ತಾ ಇದೆ. ದಯವಿಟ್ಟು ಹತ್ತು ನಿಮಿಷ. ಪೆಟ್ಟಿಗೆಯ ಮೇಲೆ ಮೂರು ಬಣ್ಣದ ಬಾಟಲಿಗೆ 6,000 ಪುಟ ಬರುತ್ತದೆ ಎಂದು ಬರೆದಿತ್ತು ಅನ್ನಿ, ಮೂರು ಬಾಟಲಿಗೆ 1,500 ರೂಪಾಯಿ. ಪುಟಕ್ಕೆ 25 ಪೈಸೆ! ಕಾಗದ ಎರಡೂವರೆ ರೂಪಾಯಿ. ಕವರಿಗೆ 2 ರೂಪಾಯಿ 75 ಪೈಸೆ ಖರ್ಚು, 5ಕ್ಕೆ ಮಾರಿದರೆ 2 ರೂಪಾಯಿ 25 ಪೈಸೆ ಲಾಭ ಎಂದು ಆ ಸಂಘ ನಿರ್ಣಯ ಬರೆದಿತ್ತು. ನಾವೂ ಓದಿ ಸಹಿ ಹಾಕಿದ್ದೆವು.

ಆದರೆ ಕಂಪನಿಗಳು ಹೇಳುವ ಪುಟ ನಮ್ಮ ಪುಟ ಅಲ್ಲ. ಅದು ಕಚೇರಿ ಕಾಗದದ ಮಾದರಿಯ ಪುಟ. ಹೆಚ್ಚು ಜಾಗ ಖಾಲಿ, ಒಂದೊಂದು ಬಣ್ಣ ಹಾಳೆಯ ನೂರರಲ್ಲಿ ಸುಮಾರು 5 ಭಾಗ ಮಾತ್ರ ಮುಚ್ಚುತ್ತದೆ. ನಮ್ಮ ಗುಲಾಬಿ ಹಾಳೆಯಲ್ಲಿ ಒಂದೊಂದು ಬಣ್ಣ 40 ಭಾಗ ಮುಚ್ಚಿದರೆ ಇಂಕಿನ ಖರ್ಚು ಎಂಟು ಪಟ್ಟು, ಅಂದರೆ 2 ರೂಪಾಯಿ. ಕಾಗದ ಎರಡೂವರೆ. ಮೆಷಿನ್ನು ಶಾಶ್ವತವಲ್ಲ, 5,000 ಹಾಳೆಯಲ್ಲಿ ಅದರ 14,000 ರೂಪಾಯಿ ಹಿಂದಕ್ಕೆ ಬರಬೇಕೆಂದು ಇಟ್ಟರೆ ಹಾಳೆಗೆ 2 ರೂಪಾಯಿ 80 ಪೈಸೆ. ಹತ್ತರಲ್ಲಿ ಒಂದು ಹಾಳಾಗುತ್ತದೆ ಎಂದು ಇನ್ನೂ 70 ಪೈಸೆ. ಕೂಡಿಸಿ. 8 ರೂಪಾಯಿ! ಐದು ರೂಪಾಯಿಗೆ ಮಾರಿದ ಕವರಿಗೆ ಎಂಟು ರೂಪಾಯಿ ಖರ್ಚು, ಕೂಲಿ ಲೆಕ್ಕಕ್ಕೇ ಬಂದಿಲ್ಲ. ಆ 180 ಕವರು ವಾಪಸ್ ಬಾರದಿದ್ದರೂ ಸಂಘಕ್ಕೆ ನಷ್ಟವೇ ಆಗುತ್ತಿತ್ತು. ಈ ಮಾತನ್ನು ನಾವು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದಾಗ, ಸೊಸೆಯನ್ನು ಬೈದಿದ್ದವರು ತಲೆ ತಗ್ಗಿಸಿದರು. ಸಹಿ ಹಾಕಿದ್ದ ನಾವೂ ತಗ್ಗಿಸಿದೆವು.

ಬಿಳಿ ಅಂಚಿನ ಕವರಿಗೆ ಅದೇ ಲೆಕ್ಕ ಹಾಕಿ. ಮುಖಕ್ಕೆ ಮಾತ್ರ ಬಣ್ಣವಾದರೆ ಹಾಳೆಯ ಕಾಲು ಭಾಗ, ಇಂಕು 50 ಪೈಸೆ. ಹಾಳಾಗುವುದೂ ಸೇರಿ ಒಟ್ಟು 6 ರೂಪಾಯಿ 40 ಪೈಸೆ. ಒಂದು ಕವರಿಗೆ ಮೂರು ನಿಮಿಷ, ಗಂಟೆಗೆ 50 ರೂಪಾಯಿ ಕೂಲಿ ಎಂದರೆ ಎರಡೂವರೆ ರೂಪಾಯಿ. ಸುಮಾರು 9 ರೂಪಾಯಿ. ಹನ್ನೆರಡಕ್ಕಿಂತ ಕಡಿಮೆಗೆ ಕೊಡುವ ಹಾಗಿಲ್ಲ. ಹನ್ನೆರಡು ಕೊಟ್ಟು ಯಾರು ತಗೋತಾರೆ ಎಂದು ಕೇಳುತ್ತೀರಿ. ಎಲ್ಲ ಕಡೆ ಸಿಗುವ ಗುಲಾಬಿ ಹೂವಿಗೆ ಯಾರೂ ಕೊಡುವುದಿಲ್ಲ. ಒಂದೇ ಮಾದರಿ ಸಾವಿರಗಟ್ಟಲೆ ಬೇಕಾದರೆ ಆಫ್‌ಸೆಟ್ ಪ್ರೆಸ್ಸಿನವರು ನಮಗಿಂತ ಅಗ್ಗಕ್ಕೆ ಕೊಡುತ್ತಾರೆ, ಅವರ ಜೊತೆ ಪೈಪೋಟಿ ಬೇಡ. ಮನೆಯ ಪ್ರಿಂಟರಿನ ಬಲ ಇರುವುದು ಸಣ್ಣ ಸಂಖ್ಯೆಯಲ್ಲಿ: ಒಂದು ಮದುವೆಗೆ ಐವತ್ತು, ವಧೂವರರ ಹೆಸರು ಹಾಕಿ, ಬೇರೆಲ್ಲೂ ಇಲ್ಲದ ಚಿತ್ತಾರದಲ್ಲಿ. ಆ ಚಿತ್ತಾರ ಎಲ್ಲಿಂದ ತರುವುದು?

ಸಹೋದರಿಯರೇ, ನಿಮ್ಮ ಅಂಗಳದಿಂದ. ಚುಕ್ಕಿ ರಂಗೋಲಿ ಬಾರದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಇಲ್ಲ, ನೋಡಿದಿರಾ. ಚುಕ್ಕಿ ಇಟ್ಟು ಸಾಲು ಕೂಡಿಸುವುದೂ ಕಂಪ್ಯೂಟರಿನ ಚಿತ್ತಾರವೂ ಒಂದೇ ಬುದ್ಧಿ. ಒಂದು ಚೌಕ ಸರಿಯಾಗಿ ಬರೆದು ಅದನ್ನೇ ಪಕ್ಕ ಪಕ್ಕ, ಮೇಲೆ ಕೆಳಗೆ ಜೋಡಿಸುತ್ತಾ ಹೋಗುವುದು. ಧಾರವಾಡದ ಕಡೆಯ ಕಸೂತಿಯನ್ನೇ ನೋಡಿ. ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಮಕ್ಕಳ ಗ್ರಾಫ್ ಪುಸ್ತಕದ ಚೌಕದಲ್ಲಿ ಒಂದು ಮನೆಗೆ ಒಂದು ಹೊಲಿಗೆ ಎಂದು ಬರೆದರೆ ಗೋಪುರ, ತೇರು, ತೊಟ್ಟಿಲು ಹಾಗೇ ಕಾಗದಕ್ಕೆ ಇಳಿಯುತ್ತವೆ. ಸಾಗರ ಕಡೆಯ ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವೂ ಗೆರೆಯ ಮೇಲೆ ಗೆರೆ ಕೂತ ಲೆಕ್ಕವೇ. ಆದರೆ ಒಂದು ಎಚ್ಚರ. ಮನೆಯ ಪ್ರಿಂಟರಿನಲ್ಲಿ ಬಿಳಿ ಇಂಕು ಇರುವುದಿಲ್ಲ. ಕಾಗದದ ಬಿಳಿಯೇ ಬಿಳಿ. ಕೆಂಪು ಗೋಡೆಯ ಮೇಲಿನ ಬಿಳಿ ಗೆರೆ ಬೇಕೆಂದರೆ ಹಾಳೆಯ ತುಂಬಾ ಕೆಂಪು ಸುರಿಯಬೇಕು, ಇಂಕು ಖಾಲಿ. ತಿರುಗಿಸಿ ಬಿಳಿ ಕಾಗದಕ್ಕೆ ಕೆಂಪು ಗೆರೆ ಹಾಕಿ. ಕಂದು ಬಣ್ಣದ ಕಾಗದವಾದರೆ ಕಪ್ಪು ಗೆರೆ ಚೆನ್ನ.

ಚೌಕ ಜೋಡಿಸಿದಾಗ ಕೂಡುವ ಗೆರೆ ಕಾಣಬಾರದು. ಅದಕ್ಕೆ ಕತ್ತರಿ ಸಾಕು. 10 ಸೆಂಟಿಮೀಟರ್ ಚೌಕದ ಬಿಳಿ ಕಾಗದ ತೆಗೆದುಕೊಂಡು ನಡುವೆ ಹೂವನ್ನೋ ನವಿಲನ್ನೋ ಬರೆಯಿರಿ, ಅಂಚು ಮುಟ್ಟಬಾರದು. ಮೇಲಿಂದ ಕೆಳಕ್ಕೆ ಸರಿಯಾಗಿ ನಡುವೆ ಕತ್ತರಿಸಿ, ಎಡದ ತುಂಡು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟು ಹಿಂದಿನಿಂದ ಟೇಪು ಅಂಟಿಸಿ. ಈಗ ಅಡ್ಡಕ್ಕೆ ನಡುವೆ ಕತ್ತರಿಸಿ, ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ನಿಮ್ಮ ನವಿಲು ನಾಲ್ಕು ಮೂಲೆಗೆ ಹೋಯಿತು, ನಡುವೆ ಖಾಲಿ ಜಾಗ ಬಂತು. ಆ ಖಾಲಿಯಲ್ಲಿ ಬಳ್ಳಿ, ಎಲೆ, ಚುಕ್ಕಿ ತುಂಬಿ, ಹೊರಗಿನ ಅಂಚು ಮಾತ್ರ ಮುಟ್ಟಬೇಡಿ. ಆಯಿತು. ಈ ಚೌಕವನ್ನು ಎಷ್ಟು ಜೋಡಿಸಿದರೂ ಕೂಡು ಕಾಣುವುದಿಲ್ಲ. ಮೊದಲ ಸಲ ನಾವು ಮಾಡಿದಾಗ ತುಂಡುಗಳನ್ನು ತಲೆಕೆಳಗಾಗಿ ಅಂಟಿಸಿ ನವಿಲಿಗೆ ಎರಡು ಬಾಲ ಬಂದಿತ್ತು! ಹಿಂಬದಿಯಲ್ಲಿ ಮೊದಲೇ ಬಾಣದ ಗುರುತು ಹಾಕಿಕೊಳ್ಳಿ.

ಪ್ರಿಂಟರಿನಲ್ಲೇ ಸ್ಕ್ಯಾನರ್ ಇದ್ದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿ. 10 ಸೆಂಟಿಮೀಟರಿನ ಚೌಕ ಸುಮಾರು 1,180 ಚುಕ್ಕಿ ಅಗಲ ಬರುತ್ತದೆ, ಗೆರೆ ಸ್ವಚ್ಛವಾಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಜೋಡಿಸಲು ಇಂಕ್‌ಸ್ಕೇಪ್, ಜಿಂಪ್, ಕ್ರೀಟಾ ಎಂಬ ತಂತ್ರಾಂಶಗಳು ಉಚಿತ, ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದೇವೆ. ಮುದ್ರಿಸುವಾಗ ಅಳತೆ 100 ಪ್ರತಿಶತ ಎಂದೇ ಇರಲಿ. ಹಾಳೆಗೆ ಹೊಂದಿಸು ಎನ್ನುವ ಆಯ್ಕೆ ಒತ್ತಿದರೆ ಕವರಿನ ಅಳತೆ ಬದಲಾಗುತ್ತದೆ. ಮೊಬೈಲಿನಲ್ಲಿ ಫಳಫಳ ಹೊಳೆಯುವ ಬಣ್ಣ ಕಾಗದದಲ್ಲಿ ಮಂಕಾಗಿ ಬರುವುದು ಸಹಜ, ಮೊದಲು ಸಣ್ಣ ತುಂಡಿನಲ್ಲಿ ನೋಡಿಕೊಳ್ಳಿ. ವಾರಕ್ಕೆ ಒಂದು ಬಣ್ಣದ ಹಾಳೆಯಾದರೂ ಮುದ್ರಿಸದಿದ್ದರೆ ಇಂಕಿನ ರಂಧ್ರ ಕಟ್ಟಿಕೊಳ್ಳಬಹುದು. ಸ್ವಿಚ್ಚು ಎಳೆದು ಆರಿಸದೆ ಮೆಷಿನ್ನಿನ ಗುಂಡಿ ಒತ್ತಿಯೇ ಆರಿಸಿ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ, ನಮ್ಮ ಮಳೆಗಾಲದ ಥಂಡಿಗೆ ಹಾಳೆ ಸುರುಳಿ ಸುತ್ತಿ ಮೆಷಿನ್ನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ ಎನ್ನುವುದನ್ನೂ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದವರ ಹಕ್ಕು ಅವರ ಜೀವಮಾನವಿಡೀ, ಸತ್ತ ಮೇಲೂ 60 ವರ್ಷ ಇರುತ್ತದೆ. ಉಚಿತ ಎಂದು ಬರೆದಿದ್ದರೂ ಸ್ವಂತ ಬಳಕೆಗೆ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಾರುವುದು ಸ್ವಂತ ಬಳಕೆಯಲ್ಲ. ಟೀವಿಯ ಕಾರ್ಟೂನು ಗೊಂಬೆಗಳನ್ನು ಮಕ್ಕಳ ಹುಟ್ಟುಹಬ್ಬದ ಚೀಲಕ್ಕೆ ಹಾಕುವುದಂತೂ ಬೇಡವೇ ಬೇಡ. ಹಾಗೆಯೇ ಇಳಕಲ್ ಸೀರೆ, ಕಸೂತಿ ಇವಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ನಮ್ಮ ಕಾಗದದ ಮೇಲೆ ಆ ಹೆಸರು ಅಚ್ಚು ಹಾಕಿ ಮಾರಬಾರದು. ಮತ್ತೊಂದು, ಮುದ್ರಿಸಿದ ಕಾಗದವನ್ನು ತಿಂಡಿಗೆ ತಾಗುವ ಹಾಗೆ ಬಳಸಬೇಡಿ. ಆಹಾರ ಪ್ಯಾಕಿಂಗಿನ 2018ರ ನಿಯಮಗಳಲ್ಲಿ ಪತ್ರಿಕೆ ಕಾಗದದಲ್ಲಿ ತಿಂಡಿ ಕಟ್ಟುವುದನ್ನೇ ನಿಷೇಧಿಸಿದ್ದಾರೆ. ಚಕ್ಕುಲಿ ಪೊಟ್ಟಣದ ಹೊರಗೆ ಕಟ್ಟುವ ಚೀಟಿಗೆ ನಿಮ್ಮ ಚಿತ್ತಾರ ಇರಲಿ, ಒಳಗೆ ಬೇಡ.

ಆದ್ದರಿಂದ ಪ್ರಿಂಟರ್ ಸಾಲ ಕೇಳುವ ಸಂಘಗಳಿಗೆ ನಾವು ಈಗ ಹೇಳುವುದು ಹೀಗೆ. ಮೊದಲು ನಿಮ್ಮದೇ ಚಿತ್ತಾರ ಒಂದನ್ನು ಪೇಟೆಯ ಅಂಗಡಿಯಲ್ಲಿ ಇಪ್ಪತ್ತು ಹಾಳೆ ಮುದ್ರಿಸಿ ತನ್ನಿ. ಹಾಳೆಗೆ ಸ್ವಲ್ಪ ಹೆಚ್ಚೇ ಬೀಳಲಿ. ಕವರು ಮಾಡಿ, ಮಾರಿ, ಯಾರು ಕೊಂಡರು, ಎಷ್ಟಕ್ಕೆ ಎಂದು ಬರೆದಿಡಿ. ಮೂರು ಸಲ ಹೀಗೆ ಆದ ಮೇಲೆ ಮೆಷಿನ್ನಿನ ಮಾತು. ಮೆಷಿನ್ನು ಕಲಿಯುವವರು ಒಬ್ಬರಲ್ಲ, ಇಬ್ಬರು. ಮತ್ತು ಸಾಲ ಕೊಡುವ ದಿನವೇ ನಿರ್ಣಯ ಪುಸ್ತಕದಲ್ಲಿ ಬರೆಯಬೇಕು: ಮುದ್ರಣದಲ್ಲಿ ಹಾಳಾದದ್ದು ಸಂಘದ ಖರ್ಚು, ಮೆಷಿನ್ನಿನ ಮುಂದೆ ಕೂತವಳ ಖರ್ಚಲ್ಲ. ಈ ಸಾಲು ಇಲ್ಲದ ಅರ್ಜಿಗೆ ನಾವು ಇನ್ನು ಸಹಿ ಹಾಕುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ಆ ಸೊಸೆ ಏನಾದಳು ಎಂದು ಕೇಳುತ್ತೀರಿ. ಬಂದಳು. ಬೇಗ ಬರಲಿಲ್ಲ, ಎರಡು ತಿಂಗಳು ಹಿಡಿಯಿತು. ಸಂಘದ ಅಧ್ಯಕ್ಷೆ ತಾವೇ ಮನೆಗೆ ಹೋಗಿ ಪಾಸ್‌ಬುಕ್ ಕೈಗೆ ಕೊಟ್ಟು ಕರೆದರು. ಈಗ ಅತ್ತೆ ಚುಕ್ಕಿ ಇಟ್ಟು ರಂಗೋಲಿ ಬರೆದುಕೊಡುತ್ತಾರೆ, ಸೊಸೆ ಸ್ಕ್ಯಾನ್ ಮಾಡಿ ಜೋಡಿಸುತ್ತಾಳೆ. ಪ್ರಿಂಟರಿನ ಸಾಲದಲ್ಲಿ ಇನ್ನೂ ಐದು ಕಂತು ಬಾಕಿ ಇದೆ. ಅಂಗಡಿಯವರು ಮತ್ತೆ ಆರ್ಡರು ಕೊಟ್ಟಿಲ್ಲ, ಆದರೆ ಸುತ್ತಲಿನ ಊರಿನ ಗೃಹಪ್ರವೇಶ, ಸೀಮಂತಗಳಿಗೆ ಐವತ್ತು, ಅರುವತ್ತು ಎಂದು ಕೇಳಿಕೊಂಡು ಬರ್ತಾರೆ.

ಹಿಂದಿನ ಮೇಜಿನ ಮೇಲೆ ಗ್ರಾಫ್ ಹಾಳೆ, ಕತ್ತರಿ, ಟೇಪು ಇದೆ. ಐದೈದು ಮಂದಿಯಾಗಿ ಕೂತುಕೊಳ್ಳಿ. ಎರಡು ಗಂಟೆಗೆ ಕರೆಂಟು ಹೋಗುತ್ತದಂತೆ, ಅಷ್ಟರೊಳಗೆ ಪ್ರತಿ ಗುಂಪಿನ ಒಂದು ಚೌಕವಾದರೂ ಸ್ಕ್ಯಾನ್ ಆಗಬೇಕು. ಹಿಂಬದಿಯಲ್ಲಿ ಬಾಣದ ಗುರುತು ಮರೀಬೇಡಿ.